ಮುಕ್ಕು ಗೊರಸಿನ ಜಿಂಕೆ

ನಾನು ಪುಕ್ಕಲ. ಇದನ್ನು ಮೊದಲಿಗೇ ಹೇಳಿಬಿಟ್ಟರೆ ಓದುವವರಿಗೂ ಅನುಕೂಲ, ಬರೆಯುವ ನನಗೂ ಅನುಕೂಲ. ಕುವೈತಿನ ಮರಳುಗಾಡಿನಲ್ಲಿ ಜಿಂಕೆ ನೋಡಿಕೊಳ್ಳುವ ಕೆಲಸದಲ್ಲಿದ್ದೆ ಎಂದ ಕೂಡಲೇ ಅರಸೀಕೆರೆ ಕಡೆಯ ನಮ್ಮ ನೆಂಟರು ನನ್ನನ್ನು ಗಟ್ಟಿ ಗುಂಡಿಗೆಯ ಗಂಡಸು ಎಂದುಕೊಂಡುಬಿಡುತ್ತಾರೆ. "ಅಲ್ಲಿ ಚಿರತೆ ಗಿರತೆ ಇದಾವೇನಪ್ಪ?" ಎಂದು ಮದುವೆಮನೆಯಲ್ಲಿ ಊಟಕ್ಕೆ ಕೂತಾಗ ಕೇಳುತ್ತಾರೆ. ಚಿರತೆ ಇಲ್ಲ. ನಾನು ಹೆದರಿದ್ದು ಅಲ್ಲಿಯ ನೆಲಕ್ಕೆ, ಬೇಟೆಗಾರರ ಬಂದೂಕಿಗೆ, ಈ ದೇಶದಲ್ಲಿ ಇರಲು ಕೊಡುವ ಇಕಾಮಾ ಎಂಬ ಪುಟ್ಟ ಕಾರ್ಡು ಎಲ್ಲಿ ರದ್ದಾಗುತ್ತದೋ ಎಂಬುದಕ್ಕೆ. ಕೊನೆಕೊನೆಗೆ ನನ್ನದೇ ಕೈಬರಹದ ಒಂದು ಸಂಖ್ಯೆಗೂ ಹೆದರಿದೆ.

ಈಗ ನಿವೃತ್ತಿಯಾಗಿದೆ. ಕುವೈತಿನ ಫರ್ವಾನಿಯಾದ ಮನೆಯಲ್ಲಿ ರಟ್ಟಿನ ಪೆಟ್ಟಿಗೆಗಳಿಗೆ ಸಾಮಾನು ತುಂಬುತ್ತಾ ಕೂತಿದ್ದೇನೆ. ಹೆಂಡತಿ ಸುಧಾ ಇಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳ ಕೆಲಸದ ಕೊನೆಯ ತಿಂಗಳು ನಡೆಯುತ್ತಿದೆ. ಅದು ಮುಗಿದರೆ ಇಬ್ಬರೂ ಹೊರಡುವುದು. ವನ್ಯಧಾಮದಲ್ಲಿ ನಾನಿದ್ದ ಜಾಗಕ್ಕೆ ನಮ್ಮ ಕಡೆಯಿಂದಲೇ ಪಶುವೈದ್ಯ ಡಿಪ್ಲೊಮಾ ಮಾಡಿದವರನ್ನು ಮತ್ತೆ ತೆಗೆದುಕೊಳ್ಳುತ್ತಿದ್ದಾರೆಂದು ಕೇಳಿದೆ. ಬರುವವರು ಯಾರೋ ನನಗೆ ಗೊತ್ತಿಲ್ಲ. ಸಂಬಳ, ರಜೆ, ಬಡ್ತಿ ಇವೆಲ್ಲ ಅವರ ಆರ್ಡರಿನಲ್ಲೇ ಬರೆದಿರುತ್ತದೆ. ಆರ್ಡರಿನಲ್ಲಿ ಬರೆಯದೆ ಬಿಟ್ಟಿದ್ದನ್ನು ನಾನು ಹೇಳುತ್ತೇನೆ. ಅರಬ್ಬಿಯಲ್ಲೂ ಹಿಂದಿಯಲ್ಲೂ ಆಡಿದ ಮಾತುಗಳನ್ನು ನನಗೆ ಬರುವ ಕನ್ನಡದಲ್ಲೇ ಬರೆಯುತ್ತೇನೆ, ತಪ್ಪು ತಿಳಿಯಬಾರದು.

ನಮ್ಮ ವನ್ಯಧಾಮ ಎಂದರೆ ಹಸಿರು ಕಾಡಲ್ಲ. ಉದ್ದಕ್ಕೂ ತಂತಿಬೇಲಿ, ಒಳಗೆ ಮರಳು, ಅಲ್ಲಲ್ಲಿ ಮೊಣಕಾಲೆತ್ತರದ ಕುರುಚಲು ಗಿಡ. ಅದರೊಳಗೆ ರೀಮ್ ಎಂದು ಅಲ್ಲಿಯವರು ಕರೆಯುವ, ಮರಳಿನದೇ ಬಣ್ಣದ ಸಣ್ಣ ಜಿಂಕೆಗಳು. ನನಗೆ ಗಾಡಿ ಓಡಿಸುತ್ತಿದ್ದವನು ಬಾಂಗ್ಲಾದೇಶದ ನೂರ್ ಭಾಯಿ. ನನಗಿಂತ ಹತ್ತು ವರ್ಷ ದೊಡ್ಡವನು, ಬೇಲಿ ಹಾಕಿದ ದಿನದಿಂದಲೂ ಅಲ್ಲೇ ಇದ್ದವನು. ಮೊದಲ ದಿನ ಪಿಕಪ್ ಇಳಿದು ನಾನು ಜಿಂಕೆ ನೋಡಲು ನಾಲ್ಕು ಹೆಜ್ಜೆ ಹಾಕಿದೆನೋ ಇಲ್ಲವೋ, ಅವನು ನನ್ನ ಅಂಗಿಯ ಕಾಲರ್ ಹಿಡಿದು ಹಿಂದಕ್ಕೆಳೆದ. ದಾರಿಯ ಎರಡೂ ಬದಿಗೆ ಬಿಳಿ ಬಣ್ಣ ಬಳಿದ ಕಲ್ಲುಗಳಿದ್ದವು.

"ಸ್ವಾಮಿ ಭಾಯಿ, ಕಲ್ಲಿನ ಈಚೆ ನೀನು ಸರ್ಕಾರದ ನೌಕರ. ಕಲ್ಲಿನ ಆಚೆ ಅಲ್ಲಾಹನ ಮೆಹಮಾನ್" ಎಂದ.

ಯುದ್ಧದ ಕಾಲದಲ್ಲಿ ಆ ಕಡೆ ನೆಲದೊಳಗೆ ಸಿಡಿಮದ್ದು ಹುಗಿದಿದ್ದರು. ಆಮೇಲೆ ಹುಡುಕಿ ತೆಗೆದರು. ಆದರೆ ಎಲ್ಲವನ್ನೂ ತೆಗೆದಾಯಿತು ಎಂದು ಯಾರೂ ನನಗೆ ಬರೆದುಕೊಡಲಿಲ್ಲ. ಒಂದು ತಿಂಗಳು ನಾನು ನೂರ್ ಭಾಯಿಯ ಹೆಜ್ಜೆಗುರುತಿನ ಮೇಲೇ ಹೆಜ್ಜೆ ಇಟ್ಟು ನಡೆದೆ. ಅವನು ಬೇಕೆಂದೇ ಒಂದೊಂದು ಸಲ ದೊಡ್ಡ ದಾಪುಗಾಲು ಹಾಕುತ್ತಿದ್ದ. ನಾನು ಲುಂಗಿಯಲ್ಲಿ ಚರಂಡಿ ದಾಟುವವನಂತೆ ಹಾರುತ್ತಿದ್ದೆ. ಅವನಿಗೆ ನಗು. ನನಗೆ ಬೆನ್ನೆಲ್ಲ ಬೆವರು.

ಮೊದಲ ಚಳಿಗಾಲದಲ್ಲಿ ಆದ ಒಂದು ತಪ್ಪನ್ನು ಇಲ್ಲೇ ಹೇಳಬೇಕು. ಗಂಡು ಜಿಂಕೆಯೊಂದನ್ನು ಹಿಡಿದು ಬೇರೆ ಆವರಣಕ್ಕೆ ಹಾಕಬೇಕಿತ್ತು. ಊರಿನಲ್ಲಿ ನಾನು ಹೋರಿ ಹಿಡಿದವನು, ಮೂಗುದಾರ ಹಾಕಿದವನು. ಇದೊಂದು ಆಡುಮರಿಯಷ್ಟಿದೆ, ಎಷ್ಟರ ಕೆಲಸ ಎಂದುಕೊಂಡೆ. ಬಲೆ ಹಿಡಿದು ಅರ್ಧ ಗಂಟೆ ಅಟ್ಟಾಡಿಸಿದೆ. ಒಂದು ತರಚು ಗಾಯವೂ ಆಗದಂತೆ ಹಿಡಿದೆ ಎಂದು ಬೀಗಿದೆ. ಮಾರನೆಯ ದಿನ ಅದು ಕಾಲು ಚಾಚಿ ಸತ್ತುಬಿದ್ದಿತ್ತು. ನಮ್ಮ ಪಶುವೈದ್ಯರು ಡಾ. ಹಿಶಾಮ್, ಈಜಿಪ್ಟಿನವರು, ಅದರ ತೊಡೆಯನ್ನು ಕೊಯ್ದು ತೋರಿಸಿದರು. ಕೆಂಪಗಿರಬೇಕಾದ ಮಾಂಸ ಬೇಯಿಸಿದಂತೆ ಬಿಳಿಚಿಕೊಂಡಿತ್ತು.

"ಗಾಯ ಇಲ್ಲ, ರೋಗ ಇಲ್ಲ. ಹೆದರಿ ಸತ್ತಿದೆ. ಅಷ್ಟು ಹೊತ್ತು ಓಡಿಸಿದೆಯಲ್ಲ, ಹೆದರಿಕೆಯೇ ಒಳಗಿನಿಂದ ಸುಟ್ಟುಬಿಟ್ಟಿದೆ. ಇನ್ನು ಮುಂದೆ ಹಿಡಿದ ಕೂಡಲೇ ಮೊದಲು ಕಣ್ಣಿಗೆ ಬಟ್ಟೆ ಕಟ್ಟು. ಕಾಣದಿದ್ದರೆ ಅದರ ಎದೆ ನಿಧಾನವಾಗುತ್ತದೆ" ಎಂದರು.

ಅಂದಿನಿಂದ ನನ್ನ ಹೆಗಲ ಮೇಲೆ ಸದಾ ಒಂದು ಟವೆಲ್ ಇರುತ್ತಿತ್ತು. ಬರುವವರು ಇದೊಂದನ್ನು ನೆನಪಿಡಿ: ಬಲೆಗಿಂತ ಮೊದಲು ಟವೆಲ್ ತೆಗೆದುಕೊಳ್ಳಿ. ಹೆದರಿಕೆಯಿಂದ ಒಂದು ಪ್ರಾಣಿ ಸಾಯುತ್ತದೆ ಎಂದು ತಿಳಿದು ನನಗೆ ಆ ಜಿಂಕೆಯ ಮೇಲೆ ಮರುಕ ಬಂತು, ಜೊತೆಗೆ ನನ್ನ ಬಗ್ಗೆ ಗಾಬರಿಯೂ ಆಯಿತು. ನನ್ನ ತೊಡೆ ಕೊಯ್ದರೆ ಏನು ಬಣ್ಣ ಇರಬಹುದು ಎಂದು ಯೋಚಿಸುತ್ತಿದ್ದೆ.

ಬೇಲಿಯ ಹೊರಗೆ ಬೇಟೆಗಾರರಿದ್ದರು. ಚಳಿ ಬಿತ್ತೆಂದರೆ ಕುವೈತಿನವರು ಪಟ್ಟಣ ಬಿಟ್ಟು ಮರಳುಗಾಡಿಗೆ ಬಂದು ಡೇರೆ ಹಾಕುತ್ತಾರೆ. ಬಹುಪಾಲು ಜನ ಚಹಾ ಕುಡಿದು, ಕುರಿ ಬೇಯಿಸಿಕೊಂಡು, ಮಕ್ಕಳನ್ನು ಆಡಿಸಿಕೊಂಡು ಇರುವವರು. ಆದರೆ ಅವರಲ್ಲಿ ಹಳೆಯ ಬೇಟೆ ಮನೆತನದವರೂ ಇದ್ದರು. ಅವರ ಸಿಟ್ಟು ನಮ್ಮ ಇಲಾಖೆಯ ಮೇಲೆ. ಬೇಟೆ ನಿಲ್ಲಿಸಿದಿರಿ, ನಮ್ಮ ನೆಲಕ್ಕೆ ಬೇಲಿ ಹಾಕಿದಿರಿ, ಜಿಂಕೆ ಹೆಚ್ಚಾದ ಮೇಲೆ ಹೊರಗೆ ಬಿಡುತ್ತೇವೆ ಎಂದಿರಿ, ಎಲ್ಲಿ ಜಿಂಕೆ? ಇದು ಅವರ ಪ್ರಶ್ನೆ. ಇಲಾಖೆಯ ಬಳಿ ಉತ್ತರವಾಗಿ ಇದ್ದದ್ದು ವರ್ಷಕ್ಕೊಮ್ಮೆ ಅಚ್ಚಾಗುವ ಬಣ್ಣದ ಪುಸ್ತಕ ಮಾತ್ರ.

ಅವರಲ್ಲಿ ಬೂ ಮಿಶಾರಿ ಎಂಬುವನು ಪ್ರತಿ ಚಳಿಗಾಲ ನಮ್ಮ ಪಶ್ಚಿಮದ ಬೇಲಿಯ ಪಕ್ಕದಲ್ಲೇ ಡೇರೆ ಹಾಕುತ್ತಿದ್ದ. ಮಿಶಾರಿಯ ಅಪ್ಪ ಎಂದು ಅದರ ಅರ್ಥ. ಅವನ ನಿಜವಾದ ಹೆಸರು ನನಗೆ ಕೊನೆಗೂ ತಿಳಿಯಲಿಲ್ಲ. ಅರವತ್ತು ದಾಟಿದ, ಒಣಗಿದ ಮೈಕಟ್ಟಿನ ಮನುಷ್ಯ. ಎಡಗಣ್ಣಿನಲ್ಲಿ ಯಾವಾಗಲೂ ನೀರು. ಅವನ ಗಾಡಿಯ ಹಿಂಬದಿ ಸೀಟಿನ ಮೇಲೆ ಕಂಬಳಿ ಸುತ್ತಿದ ಉದ್ದನೆಯ ವಸ್ತು ಇರುತ್ತಿತ್ತು. ಅದೇನೆಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಮೊದಲ ಸಲ ಅವನು ಬೇಲಿಗೆ ಎದೆ ಕೊಟ್ಟು ನಿಂತು, ಅಲ್ಲಿ ಭಾರತದವರನ್ನೆಲ್ಲ ಕರೆಯುವಂತೆ ನನ್ನನ್ನು ಹಿಂದಿ ಎಂದು ಕರೆದಾಗ ನಾನು ಹುಲ್ಲಿನ ಕಟ್ಟನ್ನು ಎದೆಗೆ ಹಿಡಿದುಕೊಂಡೇ ಹತ್ತಿರ ಹೋದೆ.

"ಹಿಂದಿ! ನಿನ್ನ ಇಲಾಖೆ ಪುಸ್ತಕದಲ್ಲಿ ಜಿಂಕೆ ಕಡಿಮೆಯಾಗಲು ಬೇಟೆಗಾರರೇ ಕಾರಣ ಅಂತ ಬರೆದಿದೆಯಂತೆ, ಹೌದಾ?"

"ನಾನು ಬರೆದಿದ್ದಲ್ಲ, ಬೂ ಮಿಶಾರಿ. ನಾನು ಹುಲ್ಲು ಹಾಕುವವನು."

"ನನ್ನ ತಾತ ಹೊಡೆದ, ನನ್ನ ಅಪ್ಪ ಹೊಡೆದ, ನಾನೂ ಹೊಡೆದೆ. ಅದನ್ನ ಇಲ್ಲ ಅನ್ನಲ್ಲ. ಗಾಡಿ ಬಂತು, ಒಳ್ಳೆ ಬಂದೂಕು ಬಂತು, ನಮಗೆ ಕೈ ತಡೆಯೋದು ಗೊತ್ತಾಗ್ಲಿಲ್ಲ. ಸರಿ, ನಾವು ಕೊಂದ್ವಿ. ಈ ಬೇಲಿ ಬಂದ ಮೇಲೆ ಒಳಗೆ ಇರೋವನ್ನ ಯಾರು ಕೊಲ್ತಾ ಇದಾರೆ? ಅದನ್ನ ಬರೆದಿದಾರಾ?"

ನಾನು ಹುಲ್ಲು ಹೊತ್ತು ಹೊರಟುಬಿಟ್ಟೆ. ಉತ್ತರ ಕೊಡಬಹುದಿತ್ತು. ಬೇಲಿ ಹರಿದ ಕಡೆ ನಾಯಿಗಳು ನುಗ್ಗುತ್ತಿದ್ದವು. ರಿಪೇರಿಗೆ ಬರೆದ ಕಾಗದ ಪಟ್ಟಣದ ಮೇಜುಗಳನ್ನೆಲ್ಲ ಸುತ್ತಿ ಬರುವಷ್ಟರಲ್ಲಿ ಮರಿ ಹಾಕುವ ಕಾಲ ಮುಗಿದಿರುತ್ತಿತ್ತು. ಒಂದು ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಎರಡು ದಿನ ಬರಲಿಲ್ಲ. ಸತ್ತ ಜಿಂಕೆಗಳನ್ನು ನಾನು ಒಂದು ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ, ಬದುಕಿದ್ದವನ್ನು ಇನ್ನೊಂದರಲ್ಲಿ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡಿದವರು ಯಾರೂ ಇಲ್ಲ. ನಾನೂ ನೋಡಲಿಲ್ಲ.

ಇನ್ನು ಎಣಿಕೆಯ ವಿಷಯ. ನಾನು ಬಂದ ಹೊಸದರಲ್ಲಿ ಎಣಿಕೆಗೆ ಮೂರು ಜೋಡಿ ಜನರಿದ್ದರು. ಪಶ್ಚಿಮದ ಬೇಲಿಗುಂಟ ದೂರದೂರಕ್ಕೆ ಮೂರು ಮೇವಿನ ತೊಟ್ಟಿಗಳಿದ್ದವು, ನಡುನಡುವೆ ಮರಳಿನ ದಿಬ್ಬ. ಬೆಳಗಿನ ಜಾವ ಮೂರೂ ತೊಟ್ಟಿಗಳಿಗೆ ಒಂದೇ ಗಳಿಗೆಯಲ್ಲಿ ಕುದುರೆಮೆಂತೆ ಹುಲ್ಲು ಸುರಿದು, ಮೂರೂ ಕಡೆ ಒಂದೇ ಗಳಿಗೆಯಲ್ಲಿ ಎಣಿಸುತ್ತಿದ್ದರು. ಆಮೇಲೆ ಜನ ಕಡಿಮೆ ಮಾಡಿದರು. ಉಳಿದದ್ದು ನಾನು, ನೂರ್ ಭಾಯಿ ಮತ್ತು ಒಂದು ಪಿಕಪ್. ಮೊದಲ ತೊಟ್ಟಿಗೆ ಹೋಗುವುದು, ಎರಡು ಸಲ ಹಾರ್ನ್ ಹೊಡೆಯುವುದು, ಹುಲ್ಲು ಸುರಿಯುವುದು, ಜಿಂಕೆ ಬಂದ ಮೇಲೆ ಎಣಿಸುವುದು. ಆಮೇಲೆ ಎರಡನೆಯದು, ಆಮೇಲೆ ಮೂರನೆಯದು. ಮೂರನ್ನೂ ಕೂಡಿ ಬರೆಯುವುದು.

ಈ ಕ್ರಮ ಮಾಡಿದವನು ನಾನೇ. ಊರಿನಲ್ಲಿ ಪಶು ಇಲಾಖೆಯಲ್ಲಿದ್ದಾಗ ಎರಡು ಸಲ ಜಾನುವಾರು ಗಣತಿ ಮಾಡಿದ್ದೆ. ಮನೆ ಮನೆಗೆ ಹೋಗುವುದು, ಕೊಟ್ಟಿಗೆ ನೋಡುವುದು, ಹಸು ಎಷ್ಟು, ಎಮ್ಮೆ ಎಷ್ಟು, ಬರೆದುಕೊಂಡು ಮುಂದಿನ ಮನೆ. ಈರಣ್ಣನ ಕೊಟ್ಟಿಗೆಯಲ್ಲಿ ಎಣಿಸಿದ ಹಸು ನಮ್ಮ ಹಿಂದೆಯೇ ಓಡಿಬಂದು ಬಸಣ್ಣನ ಕೊಟ್ಟಿಗೆಯಲ್ಲಿ ನಿಂತು ಇನ್ನೊಮ್ಮೆ ಎಣಿಸಿಕೊಳ್ಳುವುದಿಲ್ಲ. ಹಸುವಿಗೆ ಮನೆ ಇರುತ್ತದೆ. ಜಿಂಕೆಗೂ ತೊಟ್ಟಿ ಎಂಬ ಮನೆ ಇರುತ್ತದೆಂದು ನಾನು ತಿಳಿದೆ. ನಾಲ್ಕು ವರ್ಷ ಹಾಗೆಯೇ ಎಣಿಸಿದೆ. ಸಂಖ್ಯೆ ಚೆನ್ನಾಗಿ ಏರಿತು. ನಮ್ಮ ಮುದೀರ್, ಎಂದರೆ ಮೇಲಧಿಕಾರಿ, ಒಳ್ಳೆಯ ಮನುಷ್ಯ, ಯಾವುದಕ್ಕೂ "ಜೈನ್, ಜೈನ್", ಒಳ್ಳೆಯದು, ಒಳ್ಳೆಯದು ಎಂದು ಅರಬ್ಬಿಯಲ್ಲಿ ಹೇಳುವವರು. ಭಲೇ ಎಂದು ಬೆನ್ನು ತಟ್ಟಿದರು. ನನಗೆ ಸರ್ಟಿಫಿಕೇಟೂ ಸಿಕ್ಕಿತು.

ಕೊನೆಗೆ ನೂರಾ ಹದಿನೆಂಟು ಎಂದು ಬರೆದ ವರ್ಷ, ಬೇಟೆಗಾರರ ದೂರು ದೊಡ್ಡವರವರೆಗೂ ಹೋಯಿತು. ಮುದೀರ್ ಒಂದು ಉಪಾಯ ಹೂಡಿದರು. ಒಳಗೆ ಇಷ್ಟೊಂದು ಜಿಂಕೆ ಇವೆಯಲ್ಲ, ಮೂವತ್ತನ್ನು ಬೇಲಿಯ ಹೊರಗೆ ಬಿಡೋಣ. ಇವರ ಬಾಯಿ ಮುಚ್ಚುತ್ತದೆ, ಇಲಾಖೆಗೂ ಒಳ್ಳೆಯ ಹೆಸರು. ದಿನವೂ ಗೊತ್ತಾಯಿತು.

ಅದಾದ ನಾಲ್ಕನೆಯ ಬೆಳಿಗ್ಗೆ ನಾನು ಮೂರನೆಯ ತೊಟ್ಟಿಯ ಹತ್ತಿರ ಒಬ್ಬನೇ ಇದ್ದೆ. ನೂರ್ ಭಾಯಿ ನೀರಿನ ಪೈಪು ನೋಡಲು ಹೋಗಿದ್ದ. ಬೇಲಿಯ ಆಚೆಯಿಂದ ಬೂ ಮಿಶಾರಿ ಕರೆದ. ಹತ್ತಿರ ಹೋದೆ. ಅವನು ಕುಕ್ಕರುಗಾಲಿನಲ್ಲಿ ಕೂತು, ತಂತಿಯ ಸಂದಿಯಿಂದ ಒಂದು ಕಡ್ಡಿ ತೂರಿಸಿ ಒಳಗಿನ ಮರಳನ್ನು ತೋರಿಸಿದ.

"ಈ ಹೆಜ್ಜೆ ನೋಡು. ಮುಂದಿನ ಬಲಗಾಲು. ಗೊರಸಿನ ತುದಿ ಮುಕ್ಕಾಗಿದೆ, ಕಾಣ್ತಾ?"

ಕಂಡಿತು. ಒಂದು ಕಡೆ ಚೂಪು, ಇನ್ನೊಂದು ಕಡೆ ಮೊಂಡು.

"ಇದೇ ಹೆಜ್ಜೆ ಮೊದಲನೇ ತೊಟ್ಟಿ ಹತ್ರ ಇದೆ. ಎರಡನೇದರ ಹತ್ರ ಇದೆ. ಈಗ ಇಲ್ಲೂ ಇದೆ. ಬೇಲಿ ಪಕ್ಕದಲ್ಲೇ ನಡ್ಕೊಂಡು ಬಂದಿದೆ. ಮೂರು ದಿನದಿಂದ ನೋಡ್ತಾ ಇದೀನಿ. ಇನ್ನೊಂದು ನೋಡು, ನಿಮ್ಮ ಗಾಡಿಯ ಟೈರಿನ ಗುರುತಿನ ಮೇಲೆ ಇದರ ಹೆಜ್ಜೆ ಬಿದ್ದಿದೆ. ಅಂದ್ರೆ ನೀವು ಮುಂದೆ, ಇವು ಹಿಂದೆ." ಅವನು ನೀರು ತುಂಬಿದ ಕಣ್ಣನ್ನು ತೋಳಿನಿಂದ ಒರೆಸಿಕೊಂಡ. "ಹಿಂದಿ, ನೀನು ಒಂದನ್ನ ಮೂರು ಸಲ ಎಣಿಸ್ತಾ ಇದೀಯ."

ಕಾಲ ಕೆಳಗಿನ ನೆಲ ಸಿಡಿದರೂ ನನಗೆ ಅಷ್ಟು ಭಯ ಆಗುತ್ತಿರಲಿಲ್ಲವೇನೋ. ಇಲ್ಲ, ಹಾಗಿರಲಾರದು ಎಂದೆ. ಅವನು ವಾದ ಮಾಡಲಿಲ್ಲ.

"ಬಿಡಿ ಅಂತ ಕೇಳಿದೋನು ನಾನೇ. ಈಗ ಬಿಡಬೇಡಿ ಅಂತ ಹೇಳೋನೂ ನಾನೇ. ಮೂವತ್ತು ಹೊರಗೆ ಹೋದ್ರೆ ಒಳಗೆ ಏನೂ ಉಳಿಯಲ್ಲ. ಹೊರಗೆ ಹೋದವೂ ಉಳಿಯಲ್ಲ. ನಾನು ಹೇಳಿದ್ರೆ ಅದು ಬೇಟೆಗಾರನ ಮಾತು. ನೀನು ಹೇಳಿದ್ರೆ ಸರ್ಕಾರದ ಮಾತು. ಭಾನುವಾರ ಮೀಟಿಂಗಿಗೆ ನನ್ನನ್ನೂ ಕರೆದಿದಾರೆ. ಅಲ್ಲಿ ನಿಜ ಹೇಳು."

ಮಾರನೆಯ ದಿನ ನಾನು ನೂರ್ ಭಾಯಿಯನ್ನು ಒಬ್ಬನೇ ತೊಟ್ಟಿಗಳಿಗೆ ಕಳಿಸಿ, ಮೊದಲನೆಯ ಮತ್ತು ಎರಡನೆಯ ತೊಟ್ಟಿಯ ನಡುವಿನ ದಿಬ್ಬದ ಮೇಲೆ ದುರ್ಬೀನು ಹಿಡಿದು ಮಲಗಿದೆ. ಬಿಳಿ ಕಲ್ಲಿನ ಆಚೆ ಅದು. ಪ್ರಾಣ ಕೈಯಲ್ಲಿ ಹಿಡಿದೇ ಹೋದೆ. ದೂರದಲ್ಲಿ ಎರಡು ಸಲ ಹಾರ್ನ್ ಕೇಳಿತು. ಸ್ವಲ್ಪ ಹೊತ್ತಿನ ಮೇಲೆ ಪಿಕಪ್ ಧೂಳೆಬ್ಬಿಸುತ್ತಾ ಎರಡನೆಯ ತೊಟ್ಟಿಯ ಕಡೆ ಹೊರಟಿತು. ಅದರ ಧೂಳಿನ ಹಿಂದೆಯೇ, ಬೇಲಿಗುಂಟ, ಶಾಲೆಯ ಮಕ್ಕಳ ಸಾಲಿನಂತೆ ಜಿಂಕೆಗಳು ಬಂದವು. ಮುಂದೆ ಒಂದು ಹೆಣ್ಣು, ಬಲಗಾಲನ್ನು ಸ್ವಲ್ಪ ಎತ್ತೆತ್ತಿ ಇಡುತ್ತಿತ್ತು. ಒಂದೊಂದಾಗಿ ಎಣಿಸಿದೆ. ನಲವತ್ತೊಂದು. ಉಳಿದ ಇಡೀ ಬಯಲನ್ನು ದುರ್ಬೀನಿನಲ್ಲಿ ಹುಡುಕಿದೆ. ಇನ್ನೆಲ್ಲೂ ಏನೂ ಇರಲಿಲ್ಲ.

ನೇರವಾಗಿ ಡಾ. ಹಿಶಾಮ್ ಬಳಿಗೆ ಹೋಗಿ ಹೇಳಿದೆ. ಅವರು ಎದ್ದು ಕೋಣೆಯ ಬಾಗಿಲು ಹಾಕಿ ಬಂದರು. 

"ಸ್ವಾಮಿ, ಆ ಸಂಖ್ಯೆ ಮೇಲಕ್ಕೆ ಹೋಗಿದೆ. ಮೇಲೆ ಹೋದ ಸಂಖ್ಯೆ ಕೆಳಗೆ ಬರುವುದಿಲ್ಲ. ಖಲಾಸ್."

"ಡಾಕ್ಟರ್, ಮೂವತ್ತು ಬಿಟ್ಟರೆ ಹನ್ನೊಂದು ಉಳಿಯುತ್ತವೆ."

"ನನಗೂ ಮೂವರು ಮಕ್ಕಳು" ಎಂದರು.  ಅವರೂ ಪರದೇಶಿಯೇ ಎಂಬುದು ನನಗೆ ಆಗ ನೆನಪಾಯಿತು.

ಮನೆಯಲ್ಲಿ ಹೇಳಿಕೊಂಡೆ. ಸುಧಾ ಡ್ಯೂಟಿಗೆ ಹೊರಟವಳು ಚಪ್ಪಲಿ ಬಿಟ್ಟು ಕೂತಳು. "ಹೇಳ್ಬಿಡಿ ಅತ್ಲಾಗೆ. ತಪ್ಪು ಎಣಿಸಿದ್ದೀನಿ ಅಂದ್ರೆ ಗಲ್ಲಿಗೆ ಹಾಕ್ತಾರೇನ್ರೀ?" ಎಂದಳು. ಒಂದು ಗಳಿಗೆ ಬಿಟ್ಟು ಅವಳೇ, "ನಿಮ್ಮ ಇಕಾಮಾ ಹೋದ್ರೆ ಇವಳ ಟ್ವೆಲ್ತ್ ಕಥೆ ಏನು? ಪರೀಕ್ಷೆಗೆ ಮೂರು ತಿಂಗಳೂ ಇಲ್ಲ" ಎಂದಳು. ಮಗಳು ಇಕಾಮಾದಲ್ಲಿ ನನ್ನ ಅವಲಂಬಿತೆ. ನನ್ನ ಕಾರ್ಡು ರದ್ದಾದರೆ ಅವಳದ್ದೂ ರದ್ದು. ಅವಳು ಪುಸ್ತಕದಿಂದ ತಲೆ ಎತ್ತದೆ, "ಅಪ್ಪ, ಜಸ್ಟ್ ಟೆಲ್ ದ ಟ್ರೂತ್. ವಾಟ್ಸ್ ದ ಬಿಗ್ ಡೀಲ್?" ಎಂದಳು. ಹದಿನೇಳು ವರ್ಷಕ್ಕೆ ಎಲ್ಲವೂ ಸುಲಭ.

ಭಾನುವಾರ ಬಂತು. ಉದ್ದನೆಯ ಮೇಜು, ಖರ್ಜೂರ, ಸಣ್ಣ ಬಟ್ಟಲುಗಳಲ್ಲಿ ಗಹ್ವಾ ಎಂಬ ಅರಬ್ಬಿ ಕಾಫಿ. ಎ.ಸಿ. ತಣ್ಣಗೆ ಕೊರೆಯುತ್ತಿತ್ತು, ಆದರೂ ನನಗೆ ಬೆವರು. ಮುದೀರ್ ಪುಸ್ತಕ ತೆರೆದು ನೂರಾ ಹದಿನೆಂಟು ಎಂದು ಓದಿ, ಬೇಟೆಗಾರರ ಕಡೆ ನೋಡಿ ನಕ್ಕರು. ಬೂ ಮಿಶಾರಿ ಎದ್ದು ನಿಂತ.

"ಅಷ್ಟಿಲ್ಲ. ಅದರ ಅರ್ಧವೂ ಇಲ್ಲ. ಗೇಟು ತೆಗೀಬೇಡಿ."

ಇಡೀ ಕೋಣೆ ನಕ್ಕಿತು. ಮುದೀರ್ ಹೇಳಿದರು: "ಬೂ ಮಿಶಾರಿ, ಕೊಡದಿದ್ದಾಗ ಯಾಕೆ ಕೊಡಲಿಲ್ಲ ಅಂದೆ. ಈಗ ಕೊಡುತ್ತೇವೆ ಎಂದರೆ ಬೇಡ ಅನ್ನುತ್ತೀಯ. ನಿಮ್ಮನ್ನು ಮೆಚ್ಚಿಸುವುದು ಹೇಗೆ?"

"ನನ್ನ ಮಾತು ಬೇಡ. ಎಣಿಸಿದವನು ಅಲ್ಲೇ ಕೂತಿದ್ದಾನೆ. ಅವನನ್ನ ಕೇಳಿ."

ಮುದೀರ್ ನನ್ನ ಕಡೆ ತಿರುಗಿದರು. ಕೋಪವಿಲ್ಲ, ಅನುಮಾನವಿಲ್ಲ, ಪ್ರೀತಿಯಿಂದಲೇ ಕೇಳಿದರು: "ಹೇಳು ಸ್ವಾಮಿ, ಎಷ್ಟಿವೆ?" ಡಾ. ಹಿಶಾಮ್ ತಮ್ಮ ಪೆನ್ನಿನ ಮುಚ್ಚಳವನ್ನು ತೆಗೆಯುವುದು ಹಾಕುವುದು ಮಾಡುತ್ತಿದ್ದರು. ನಲವತ್ತೊಂದು ಎಂಬ ಮಾತು ನನ್ನ ಗಂಟಲಿನವರೆಗೂ ಬಂದಿತ್ತು. ಅದನ್ನು ನಾನು ನುಂಗಿದ್ದು ನನಗೆ ಈಗಲೂ ಗೊತ್ತಾಗುತ್ತದೆ.

"ನೂರಾ ಹದಿನೆಂಟು" ಎಂದೆ.

"ಜೈನ್" ಎಂದರು ಮುದೀರ್. ಬೂ ಮಿಶಾರಿ ನನ್ನನ್ನು ಬೈಯಲಿಲ್ಲ. ತಲೆಯ ಬಟ್ಟೆಯನ್ನು ಸರಿಮಾಡಿಕೊಂಡು, ಗಹ್ವಾ ಮುಟ್ಟದೆ ಹೊರಟುಹೋದ. ಆ ಕಡೆಯವರು ಗಹ್ವಾ ಕುಡಿಯದೆ ಏಳುವುದು ಎಂತಹ ಅವಮಾನ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಮುದೀರ್ ಅದು ತಮಗೆ ಎಂದುಕೊಂಡರು. ಅದು ಯಾರಿಗೆಂದು ನನಗೆ ಗೊತ್ತಿತ್ತು.

ಬಿಡುವ ದಿನ ಪಶ್ಚಿಮದ ಗೇಟಿಗೆ ಬಾವುಟ ಕಟ್ಟಿದ್ದರು. ಕ್ಯಾಮೆರಾದವರು ಬಂದಿದ್ದರು. ಬಲೆ ಬೀಸಿ ಹಿಡಿದರೆ ಜಿಂಕೆ ಹೆದರಿ ಸಾಯುತ್ತವೆ. ಆದ್ದರಿಂದ ಹಾರ್ನ್ ಹೊಡೆದು ಹುಲ್ಲಿನ ಆಸೆಗೆ ಕರೆದೊಯ್ಯುವುದೆಂದು ಯೋಚನೆ ಕೊಟ್ಟವನು ನಾನೇ. ನೂರ್ ಭಾಯಿ ಪಿಕಪ್ಪಿನಲ್ಲಿ ಹುಲ್ಲು ತುಂಬಿಕೊಂಡು, ಎರಡು ಸಲ ಹಾರ್ನ್ ಹೊಡೆದು, ತೆರೆದ ಗೇಟಿನಿಂದ ನಿಧಾನವಾಗಿ ಹೊರಗೆ ಹೋದ. ಅವು ಹಿಂದೆ ಬಂದವು. ಮುಕ್ಕು ಗೊರಸಿನದ್ದೇ ಮುಂದೆ. ನನ್ನ ಪಕ್ಕದಲ್ಲೇ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ ದಾಟಿತು. ನಾಲ್ಕು ವರ್ಷ ಆ ಹಾರ್ನಿನಿಂದ ಅದಕ್ಕೆ ಒಳ್ಳೆಯದೇ ಆಗಿತ್ತು. ಗೇಟಿನಲ್ಲಿ ನಿಂತು ಒಂದು, ಎರಡು ಎಂದು ನಾನು ಎಣಿಸಿದೆ. ಮೂವತ್ತಾದ ಕೂಡಲೇ ಕೈ ಎತ್ತಿದೆ. ಗೇಟು ಮುಚ್ಚಿತು. ಚಪ್ಪಾಳೆ ಬಿತ್ತು.

ಒಳಗೆ ಹನ್ನೊಂದು ಉಳಿದವು. ತಂತಿಗೆ ಮೂಗು ತಾಗಿಸಿ, ಹೋದವುಗಳನ್ನು ನೋಡುತ್ತಾ ನಿಂತಿದ್ದವು. "ಉಳಿದವು ಎಲ್ಲಿ?" ಎಂದು ಮುದೀರ್ ಕೇಳಿದರು. "ದಿಬ್ಬದ ಹಿಂದೆ" ಎಂದರು ಡಾ. ಹಿಶಾಮ್.

ವಾಪಸ್ಸು ಬರುವಾಗ ನೂರ್ ಭಾಯಿ ಸ್ಟೀರಿಂಗಿನ ಮೇಲೆ ಕೈ ಇಟ್ಟುಕೊಂಡೇ ಕೇಳಿದ: "ಸ್ವಾಮಿ ಭಾಯಿ, ಹಾರ್ನ್ ಇರೋದು ನಮ್ಮ ಗಾಡಿಗೆ ಮಾತ್ರನಾ?"

ಅದು ಡೇರೆಗಳ ಕಾಲ. ಶುಕ್ರವಾರ ಬಂತೆಂದರೆ ಆ ಬಯಲಿನ ತುಂಬಾ ಗಾಡಿಗಳು, ಗಾಡಿಗಳ ತುಂಬಾ ಹಾರ್ನು. ಸಂಖ್ಯೆಯ ಭಯದಲ್ಲಿ ನನಗೆ ಇದು ಹೊಳೆದೇ ಇರಲಿಲ್ಲ. ಮನುಷ್ಯನ ಸದ್ದಿಗೆ ಓಡಿಹೋಗಬೇಕಾದ ಪ್ರಾಣಿಗೆ ಓಡಿಬರುವುದನ್ನು ಕಲಿಸಿ ಹೊರಗೆ ಬಿಟ್ಟಿದ್ದೆ.

ಮೊದಲ ಶುಕ್ರವಾರ ಕಳೆದ ಮೇಲೆ ಬಯಲಿನಲ್ಲಿ ಚಕ್ರಾಕಾರದ ಟೈರಿನ ಗುರುತು ಕಂಡೆವು. ನಡುವೆ ಮರಳು ರಕ್ತಕ್ಕೆ ಕಪ್ಪಾಗಿತ್ತು. ಎರಡನೆಯ ಶುಕ್ರವಾರದ ನಂತರ ಇನ್ನೂ ಎರಡು ಕಡೆ. ಪ್ರತಿ ಸಲವೂ ನಾನು ಆ ಕಪ್ಪು ಮರಳಿನ ಸುತ್ತ ಬಗ್ಗಿ ಮುಕ್ಕು ಗೊರಸಿನ ಗುರುತು ಹುಡುಕುತ್ತಿದ್ದೆ. ನಮ್ಮ ಮರಣದ ರಿಜಿಸ್ಟರು ಬೇಲಿಯ ಒಳಗೆ ಸತ್ತವುಗಳಿಗೆ ಮಾತ್ರ, ಹಾಗಾಗಿ ಇವನ್ನು ಎಲ್ಲೂ ಬರೆಯಬೇಕಾಗಿರಲಿಲ್ಲ. ಮುದೀರ್ ಕೇಳಿದಾಗ, ಚದುರಿಹೋಗಿವೆ ಎಂದೆವು.

ಆಮೇಲೆ ನನಗೇನಾಯಿತು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಕೊನೆಯಲ್ಲಿ ಹೇಳಬೇಕಾದದ್ದು ಬೇರೆ ಇದೆ. ನಿಜವಾದ ಸಂಖ್ಯೆಯನ್ನು ಕಡೆಗೂ ಬರೆದು ಕೊಟ್ಟೆ. ಮುದೀರ್ ಅದನ್ನು ಎರಡು ಸಲ ಓದಿದರು. "ಇದನ್ನ ಆ ದಿನ ಯಾಕೆ ಹೇಳಲಿಲ್ಲ?" ಎಂದರು. ಅವರಿಗೆ ಬಂದಿದ್ದು ಸಿಟ್ಟಲ್ಲ, ಬೇಸರ. ನನ್ನನ್ನು ಬಂದರಿನ ಕುರಿ ತಪಾಸಣೆಗೆ ವರ್ಗ ಮಾಡಿದರು. ಇಕಾಮಾ ಹೋಗಲಿಲ್ಲ. ಮಗಳು ಪರೀಕ್ಷೆ ಬರೆದಳು. ನಿವೃತ್ತಿಯವರೆಗೂ ಅಲ್ಲೇ ಕುರಿಗಳ ಬಾಯಿ ಬಿಡಿಸಿ ನೋಡಿಕೊಂಡಿದ್ದೆ. ಇಷ್ಟೇ ಆಗುವುದಿತ್ತು. ಇಷ್ಟಕ್ಕೆ ಹೆದರಿ ನಾನು ಮೂವತ್ತು ಜೀವ ಗೇಟು ದಾಟಿಸಿದೆ. ಹೊಸದಾಗಿ ಬರುವವರಿಗೆ ನನ್ನ ಉಪದೇಶವೇನೂ ಇಲ್ಲ. ಹೆದರಬೇಡಿ ಎಂದು ನಾನು ಹೇಳಿದರೆ ನಗೆಪಾಟಲು. ಹೆದರಿ, ಆದರೆ ಮೂರೂ ತೊಟ್ಟಿಗಳಲ್ಲಿ ಒಂದೇ ಗಳಿಗೆಯಲ್ಲಿ ಎಣಿಸಿ. ಜನ ಕೊಡದಿದ್ದರೆ ಎಣಿಸುವುದಿಲ್ಲ ಎಂದು ಬರೆದುಕೊಡಿ. ಹಾರ್ನ್ ಹೊಡೆಯಬೇಡಿ.

ಈಗ ಆ ಬೆಳಿಗ್ಗೆಯ ವಿಷಯ. ಗೇಟು ತೆರೆದು ಮೂರು ವಾರವಾಗಿತ್ತು. ನಾನೂ ನೂರ್ ಭಾಯಿಯೂ ಮೊದಲನೆಯ ತೊಟ್ಟಿಯ ಹತ್ತಿರ ಇದ್ದೆವು. ಬೂ ಮಿಶಾರಿಯ ಗಾಡಿ ಬೇಲಿಯ ಕಡೆಗೆ ನೇರವಾಗಿ ಬಂತು. ದಾರಿ ಬಿಟ್ಟು, ಬಿಳಿ ಕಲ್ಲುಗಳನ್ನು ಲೆಕ್ಕಿಸದೆ ಬಂತು. ಅವನ ಮುಖ ನೋಡಿದರೆ ಹೊಡೆಯಲೆಂದೇ ಬಂದಿದ್ದಾನೆ ಎನ್ನಿಸಿತು. ನಾನು ಪಿಕಪ್ಪಿನ ಮರೆಗೆ ಸರಿದೆ. ಅವನು ಇಳಿದು ಹಿಂದಿನ ಬಾಗಿಲು ತೆರೆದು, ಉದ್ದಗಿನ ಏನನ್ನೋ ಎರಡೂ ಕೈಯಲ್ಲಿ ಎತ್ತಿಕೊಂಡ.

"ಗೇಟು ತೆಗೆ" ಎಂದ.

ಬಂದೂಕಲ್ಲ. ಜಿಂಕೆ. ಕಾಲುಗಳನ್ನು ಮೆತ್ತಗಿನ ಬಟ್ಟೆಯಿಂದ ಕಟ್ಟಿದ್ದ. ಅವನ ತಲೆ ಬರಿದಾಗಿತ್ತು, ನರೆತ ಕೂದಲು ಗಾಳಿಗೆ ಹಾರುತ್ತಿತ್ತು. ತಲೆಯ ಬಟ್ಟೆಯನ್ನು ಅದರ ಕಣ್ಣಿಗೆ ಸುತ್ತಿದ್ದ. ಅವನಿಗೆ ಅದನ್ನು ಯಾವ ಡಾಕ್ಟರೂ ಹೇಳಿಕೊಟ್ಟಿರಲಿಲ್ಲ. ನಾನು ಗೇಟು ತೆಗೆದೆ. ಅವನು ಒಳಗೆ ಬಂದು ಮರಳಿನ ಮೇಲೆ ಮಂಡಿಯೂರಿ ಅದನ್ನು ಇಳಿಸಿದ. ಮುಂದಿನ ಬಲಗಾಲಿನ ಗೊರಸು ಮುಕ್ಕಾಗಿತ್ತು.

"ಒಂದು ವಾರದಿಂದ ಹುಡುಕ್ತಾ ಇದ್ದೆ. ಇದೊಂದೇ ಉಳಿದಿರೋದು" ಎಂದ. "ನಿನ್ನೆ ಸಂಜೆ ಇದರ ಹೆಜ್ಜೆ ಸಿಕ್ತು. ಇವತ್ತು ಬೆಳಿಗ್ಗೆ ಹೋಗಿ ಎರಡು ಸಲ ಹಾರ್ನ್ ಹೊಡೆದೆ. ನಡ್ಕೊಂಡು ಬಂದು ನನ್ನ ಗಾಡಿಯ ಬಂಪರಿಗೆ ಮೂತಿ ಇಟ್ಟು ನಿಂತ್ಕೊಂಡ್ತು, ಹಿಂದಿ. ನಲವತ್ತು ವರ್ಷ ನಾನು ಇವುಗಳ ಹಿಂದೆ ಓಡಿದೀನಿ. ಹತ್ತು ಸಲ ಹೋದ್ರೆ ಒಂಬತ್ತು ಸಲ ಸೋತು ಬಂದಿದೀನಿ. ಅದು ಬೇಟೆ. ಹತ್ರ ಬಂದು ನಿಲ್ಲೋದನ್ನ ಹೊಡೆದವರು ನಮ್ಮೋರೇ. ನನಗೆ ನಾಚಿಕೆ ಆಯ್ತು."

ನನಗೂ ಆಯಿತು ಎಂದು ಹೇಳಲು ನನ್ನ ಅರಬ್ಬಿ ಸಾಲಲಿಲ್ಲ. ಕನ್ನಡವೂ ಸಾಲುತ್ತಿರಲಿಲ್ಲ. ನಾನು ಅದರ ಎದೆಯ ಮೇಲೆ ಕೈ ಇಟ್ಟೆ. ಹಕ್ಕಿಯ ಎದೆಯಂತೆ ಬಡಿಯುತ್ತಿತ್ತು, ಆಮೇಲೆ ನಿಧಾನವಾಯಿತು. ಕಾಲಿನ ಕಟ್ಟು ಬಿಚ್ಚಿದೆ. ಬೂ ಮಿಶಾರಿ ಕಣ್ಣಿನ ಬಟ್ಟೆಯನ್ನು ಬಿಚ್ಚಿದ. ಅದು ಎದ್ದು, ನಡುಗಿ, ನಮ್ಮಿಬ್ಬರನ್ನೂ ನೋಡಿ, ಓಡದೆ ಅಲ್ಲೇ ನಿಂತಿತು. ಅದನ್ನು ತೊಟ್ಟಿಯ ಕಡೆ ಕರೆಯಲೆಂದು ಅಭ್ಯಾಸಬಲದಿಂದ ನೂರ್ ಭಾಯಿಯ ಕೈ ಹಾರ್ನಿನ ಮೇಲೆ ಹೋಯಿತು. ನಾನು ಕೂಗಿದೆ.

"ಬೇಡ ಭಾಯಿ! ಬೇಡ!"

ನನ್ನ ಕೂಗಿಗೆ ಜಿಂಕೆ ಬೆಚ್ಚಿತು. ತಿರುಗಿ ಓಡಿತು. ಮೊದಲ ಸಲ ಅದು ನನ್ನಿಂದ ದೂರಕ್ಕೆ ಓಡಿದ್ದನ್ನು ಕಂಡೆ. ದಿಬ್ಬದ ಆಚೆ ಉಳಿದ ಹನ್ನೊಂದರ ಕಿವಿಗಳು ಕಂಡವು, ಇದು ಅವುಗಳ ನಡುವೆ ಸೇರಿಕೊಂಡಿತು.

ಬೂ ಮಿಶಾರಿ ತಲೆಯ ಬಟ್ಟೆಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡ. "ನಿನ್ನ ಪುಸ್ತಕ ತೆಗೆ" ಎಂದ. ತೆಗೆದೆ. "ಈಗ ತಂದಿದ್ದು ಎಷ್ಟು?"

"ಒಂದು."

"ಒಂದೇ ಸಲ ಎಣಿಸು" ಎಂದ.

ಸುಧಾ, ಮಗಳ ಪರೀಕ್ಷೆ, ಮುದೀರರ ನಗುಮುಖ ಎಲ್ಲ ಕಣ್ಣ ಮುಂದೆ ಬಂದವು. ಹೆದರುತ್ತಲೇ ಹನ್ನೆರಡು ಎಂದು ಬರೆದೆ, ಕೆಳಗೆ ನನ್ನ ಹೆಸರು ಬರೆದೆ, ಸಹಿ ಹಾಕಿದೆ. ಅವನು ಕನ್ನಡಕವಿಲ್ಲದೆ, ಎಡಗಣ್ಣು ಒರೆಸಿಕೊಂಡು, ಆ ಸಂಖ್ಯೆಯನ್ನು ಬೆರಳಿಟ್ಟು ನೋಡಿದ. ಆಮೇಲೆ ತನ್ನ ಗಾಡಿಯ ಕಡೆ ನಡೆದು, ಒಂದು ಹಳೆಯ ಫ್ಲಾಸ್ಕು ತಂದು, ಬಟ್ಟಲಿಗೆ ಗಹ್ವಾ ಬಗ್ಗಿಸಿ ನನ್ನ ಕೈಗೆ ಕೊಟ್ಟ.